ಚೆಂಡು ಗೋಡೆಯೊಳಗೆ ತೂರಿದ್ದೇಕೆ?

(ಹಾಸನದಲ್ಲಿ ವಿದ್ಯಾರ್ಥಿಗಳು, ಮೇಷ್ಟ್ರುಗಳು ಮತ್ತು ಪೋಷಕರ ಮುಂದೆ ಆಡಿದ ಮಾತಿನ ಬರಹ ರೂಪ. ಬೋರ್ಡಿನ ಮೇಲೆ ಗೀಚಿ ತೋರಿಸಿದ ಲೆಕ್ಕಗಳನ್ನು ಇಲ್ಲಿ ಬಿಡಿಸಿ ಬರೆದಿದೆ.)

ಎಲ್ಲರಿಗೂ ನಮಸ್ಕಾರ. ಪೀಠಿಕೆ ಬೇಡ, ನೇರ ಚೆಂಡಿಗೇ ಬರೋಣ.

ಪರದೆಯ ಎಡಗಡೆಯಿಂದ ಒಂದು ಚೆಂಡು ಬಲಕ್ಕೆ ಓಡುತ್ತಿದೆ. ವೇಗ ಸೆಕೆಂಡಿಗೆ 1,200 ಪಿಕ್ಸೆಲ್. ಎದುರಿಗೆ 10 ಪಿಕ್ಸೆಲ್ ದಪ್ಪದ ಗೋಡೆ. ಚೆಂಡು ಗೋಡೆಗೆ ಬಡಿದು ವಾಪಸ್ ಬರಬೇಕು. ಪ್ರೋಗ್ರಾಂ ಬರೆದವರು ‘ಚೆಂಡಿನ ನಡುಬಿಂದು ಗೋಡೆಯೊಳಗಿದೆಯೇ? ಇದ್ದರೆ ವೇಗದ ಚಿಹ್ನೆ ಬದಲಿಸು’ ಅಂತ ಒಂದೇ ಸಾಲು ಬರೆದಿದ್ದಾರೆ. ಓದಿದರೆ ತಪ್ಪೇನೂ ಕಾಣುವುದಿಲ್ಲ. ಓಡಿಸಿ ನೋಡಿದರೆ ಚೆಂಡು ಒಮ್ಮೆ ಬಡಿದು ಬರುತ್ತದೆ, ಒಮ್ಮೆ ಗೋಡೆ ಇಲ್ಲವೇ ಇಲ್ಲ ಎನ್ನುವ ಹಾಗೆ ತೂರಿಕೊಂಡು ಹೋಗುತ್ತದೆ.

ಕಾರಣ ಸರಳ. ಪರದೆ ಸೆಕೆಂಡಿಗೆ 60 ಚಿತ್ರ ತೋರಿಸುತ್ತದೆ. ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಚೆಂಡು 1,200 ಭಾಗಿಸು 60, ಅಂದರೆ 20 ಪಿಕ್ಸೆಲ್ ಜಿಗಿಯುತ್ತದೆ. ಜಿಗಿತ 20, ಗೋಡೆ 10. ಎರಡು ಸಲಕ್ಕೆ ಒಂದು ಸಲ ಮಾತ್ರ ಚೆಂಡಿನ ಹೆಜ್ಜೆ ಗೋಡೆಯೊಳಗೆ ಬೀಳುತ್ತದೆ, ಇನ್ನೊಂದು ಸಲ ದಾಟಿಯೇ ಬಿಡುತ್ತದೆ. ಈಗ ಕರೆಂಟ್ ಹೋಯಿತು ಅನ್ನಿ, ನಮ್ಮ ಕಡೆ ಮಳೆಗಾಲದಲ್ಲಿ ಅದೇನು ಹೊಸದಲ್ಲ. ಲ್ಯಾಪ್‌ಟಾಪ್ ಬ್ಯಾಟರಿ ಉಳಿಸಲು ತನ್ನ ವೇಗ ತಗ್ಗಿಸಿ ಸೆಕೆಂಡಿಗೆ 20 ಚಿತ್ರಕ್ಕೆ ಇಳಿಯುತ್ತದೆ. ಜಿಗಿತ 60 ಪಿಕ್ಸೆಲ್ ಆಯಿತು. ಆರು ಸಲಕ್ಕೆ ಒಂದು ಸಲವಷ್ಟೇ ಗೋಡೆ ‘ಕಾಣುತ್ತದೆ’. ಬೆಳಿಗ್ಗೆ ಅರ್ಧವಾದರೂ ಸರಿಯಿದ್ದ ಪ್ರೋಗ್ರಾಂ ಸಂಜೆ ಇನ್ನಷ್ಟು ಕೆಟ್ಟಿತು, ಒಂದು ಅಕ್ಷರವೂ ಬದಲಾಗಿಲ್ಲ.

ಇವತ್ತಿನ ಮಾತಿನ ಗುಟ್ಟೆಲ್ಲ ಈ ಚೆಂಡಿನಲ್ಲೇ ಇದೆ. ಕಂಪ್ಯೂಟರಿನೊಳಗೆ ಹರಿಯುವ ಕಾಲ ಇಲ್ಲ, ಹೋಳು ಮಾಡಿದ ಕಾಲ ಇದೆ. ಪೂರ್ತಿ ಸಂಖ್ಯೆ ಇಲ್ಲ, ಕತ್ತರಿಸಿದ ಸಂಖ್ಯೆ ಇದೆ. ಅದೃಷ್ಟ ಇಲ್ಲ, ಅದೃಷ್ಟದ ವೇಷ ಹಾಕಿದ ಸೂತ್ರ ಇದೆ. ಈ ಮೂರೂ ತಪ್ಪು ಲೆಕ್ಕ ಯಾವ ಪ್ರೋಗ್ರಾಮಿನಲ್ಲಾದರೂ ಇರಬಹುದು. ಬ್ಯಾಂಕಿನ ತಂತ್ರಾಂಶದಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ. ಆಟದಲ್ಲಿ ಎದುರಿಗೇ ಕುಣಿಯುತ್ತದೆ. ಅದಕ್ಕೇ ಪ್ರೋಗ್ರಾಮಿಂಗ್ ಕಲಿಯುವವರಿಗೆ ನನ್ನ ಸಲಹೆ, ಲೈಬ್ರರಿ ಮ್ಯಾನೇಜ್‌ಮೆಂಟ್ ಸಿಸ್ಟಮ್ ಎಂಬ ಹಳೇ ಪ್ರಾಜೆಕ್ಟನ್ನು ಕಪಾಟಿನಲ್ಲಿಟ್ಟು ಒಂದು ಆಟ ಬರೆಯಿರಿ.

ಚೆಂಡಿಗೆ ಮದ್ದೇನು? ಗೋಡೆ ದಪ್ಪ ಮಾಡುವುದು ಸೋಮಾರಿಗಳ ದಾರಿ, ಆದರೂ ನಡೆಯುತ್ತದೆ. ಎರಡನೆಯದು, ಒಂದು ಚಿತ್ರದೊಳಗೇ ಚೆಂಡನ್ನು ಸಣ್ಣ ಸಣ್ಣ ಹೆಜ್ಜೆ ನಡೆಸುವುದು. ಜಿಗಿತ 20, ಗೋಡೆ 10 ಇದ್ದರೆ ಹೆಜ್ಜೆ 5 ಪಿಕ್ಸೆಲ್ ಮೀರದಂತೆ ನಾಲ್ಕು ತುಂಡು ಮಾಡಿ. ಮೂರನೆಯದೇ ಸರಿಯಾದದ್ದು. ಚೆಂಡು ಎಲ್ಲಿದೆ ಅಂತ ಕೇಳಬೇಡಿ, ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ಕೇಳಿ. ಹಳೆಯ ಜಾಗ 390, ಹೊಸ ಜಾಗ 410, ಗೋಡೆಯ ಮುಖ 396. ಗೋಡೆಯಿಂದ ಹಳೆಯ ಜಾಗ ಕಳೆದರೆ 6, ಅದನ್ನು ಜಿಗಿತದ 20ರಿಂದ ಭಾಗಿಸಿದರೆ 0.3. ಈ ಸಂಖ್ಯೆ ಸೊನ್ನೆಗೂ ಒಂದಕ್ಕೂ ನಡುವೆ ಬಂದರೆ ಬಡಿದಿದೆ ಅಂತಲೇ ಅರ್ಥ. ಜಿಗಿತದ ಶೇ 30ರಲ್ಲಿ ಬಡಿದಿದೆ, ಉಳಿದ 14 ಪಿಕ್ಸೆಲ್ ಹಿಂದಕ್ಕೆ ಹೋಗಬೇಕು, ಅಂದರೆ ಚೆಂಡಿನ ಸರಿಯಾದ ಜಾಗ 382. ಗೋಡೆಗಳು ಹಲವಿದ್ದರೆ ಪ್ರತಿಯೊಂದಕ್ಕೂ ಈ ಸಂಖ್ಯೆ ಕಂಡುಹಿಡಿದು ಅತಿ ಚಿಕ್ಕದನ್ನು ಆರಿಸಿ, ಮೊದಲು ಬಡಿದದ್ದು ಅದಕ್ಕೇ.

ಇಲ್ಲಿ ಇನ್ನೊಂದು ಎಡವಟ್ಟು ಕಾದಿರುತ್ತದೆ. ಹೇಗೋ ಚೆಂಡು ಗೋಡೆಯೊಳಗೆ ಸಿಕ್ಕಿಕೊಂಡಿತು ಅನ್ನಿ. ‘ಒಳಗಿದ್ದರೆ ಚಿಹ್ನೆ ಬದಲಿಸು’ ಅಂದಿದ್ದೀರಿ. ಬದಲಾಯಿತು. ಮುಂದಿನ ಚಿತ್ರದಲ್ಲೂ ಇನ್ನೂ ಒಳಗೇ ಇದೆ, ಮತ್ತೆ ಬದಲಾಯಿತು. ಚೆಂಡು ಗೋಡೆಯೊಳಗೇ ಮಲೇರಿಯಾ ಬಂದವರ ಹಾಗೆ ನಡುಗುತ್ತಾ ನಿಲ್ಲುತ್ತದೆ. ಚೆಂಡು ಗೋಡೆಯ ಕಡೆಗೆ ಚಲಿಸುತ್ತಿದ್ದರೆ ಮಾತ್ರ ಚಿಹ್ನೆ ಬದಲಿಸಬೇಕು ಎಂಬ ಒಂದು ಷರತ್ತು ಸೇರಿಸಿ, ನಡುಕ ನಿಲ್ಲುತ್ತದೆ.

ಕಾಲದ ಹೋಳು

1980ರ ದಶಕದ ಪಿಸಿ ಆಟಗಳಲ್ಲಿ ಹಲವು ಕಾಲವನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಪ್ರೊಸೆಸರ್ ಎಷ್ಟು ಬೇಗ ಸುತ್ತುತ್ತದೋ ಅಷ್ಟು ಬೇಗ ಆಟ. ಐಬಿಎಂ ಪಿಸಿಯ 4.77 ಮೆಗಾಹರ್ಟ್ಸ್‌ಗೆ ಹದ ಮಾಡಿದ ಆಟ ಹೊಸ ಯಂತ್ರದಲ್ಲಿ ಹಿಡಿಯಲಾರದಷ್ಟು ಜೋರಾಗಿ ಓಡುತ್ತಿತ್ತು. ಹಳೆಯ ಕಂಪ್ಯೂಟರುಗಳ ಮೇಲೆ ‘ಟರ್ಬೊ’ ಎಂಬ ಗುಂಡಿ ಇದ್ದದ್ದು ನೆನಪಿರಬಹುದು. ಹೆಸರು ಟರ್ಬೊ, ಕೆಲಸ ಮಾತ್ರ ಹಳೆಯ ತಂತ್ರಾಂಶಕ್ಕಾಗಿ ಯಂತ್ರವನ್ನು ನಿಧಾನ ಮಾಡುವುದು. 1978ರ ಸ್ಪೇಸ್ ಇನ್‌ವೇಡರ್ಸ್‌ನಲ್ಲಿ ಶತ್ರುಗಳು ಕಡಿಮೆಯಾದಂತೆ ಉಳಿದವರ ವೇಗ ಏರುತ್ತದೆ. ಅದು ಶುರುವಿನಲ್ಲಿ ಹಾಕಿಕೊಂಡ ಯೋಜನೆಯಲ್ಲ. ಎಳೆಯಬೇಕಾದ ಚಿತ್ರಗಳು ಕಡಿಮೆಯಾದಂತೆ ಪ್ರೊಸೆಸರಿನ ಹೊರೆ ಇಳಿಯಿತು, ಆಟ ಚುರುಕಾಯಿತು. ಆಟ ರೂಪಿಸಿದ ತೊಮೊಹಿರೊ ನಿಶಿಕಾಡೊ ಅದನ್ನು ಹಾಗೇ ಉಳಿಸಿಕೊಂಡರು. ನನ್ನ ಮಟ್ಟಿಗೆ ಅವರ ಅತ್ಯುತ್ತಮ ನಿರ್ಧಾರ ಅದೇ.

ಈಗ ಎಲ್ಲರೂ ಕಲಿಸುವ ಪರಿಹಾರ, ವೇಗವನ್ನು ಕಳೆದ ಸಮಯದಿಂದ ಗುಣಿಸುವುದು. ಅಷ್ಟು ಮಾಡಿ ಕೈ ತೊಳೆದುಕೊಳ್ಳುವವರೇ ಜಾಸ್ತಿ. ಇದನ್ನು ಸ್ವಲ್ಪ ಹತ್ತಿರದಿಂದ ನೋಡೋಣ.

ನೆಲದಿಂದ ಒಂದು ಪಾತ್ರ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಮೇಲಕ್ಕೆ ನೆಗೆಯುತ್ತದೆ. ಗುರುತ್ವ 9.8, ಬಾಯಿಲೆಕ್ಕಕ್ಕೆ 10 ಅನ್ನೋಣ, ಫಿಸಿಕ್ಸ್ ಮೇಷ್ಟ್ರು ಮನ್ನಿಸಬೇಕು. ಪಿಯುಸಿ ಸೂತ್ರದ ಪ್ರಕಾರ ಒಂದು ಸೆಕೆಂಡಿಗೆ 5 ಮೀಟರ್ ಎತ್ತರ ಮುಟ್ಟಿ ಇಳಿಯಬೇಕು. ಪ್ರೋಗ್ರಾಮಿನಲ್ಲಿ ಎರಡು ಸಾಲು ಇರುತ್ತದೆ: ಎತ್ತರಕ್ಕೆ ‘ವೇಗ × ಹೋಳು’ ಕೂಡಿಸು, ವೇಗದಿಂದ ‘10 × ಹೋಳು’ ಕಳೆ. ಹೋಳು ಅಂದರೆ ಒಂದು ಚಿತ್ರದ ಅವಧಿ. ಅದು ಸೆಕೆಂಡಿನ ಹತ್ತನೇ ಒಂದು ಭಾಗ ಅಂತಿಟ್ಟುಕೊಳ್ಳಿ. ವೇಗ ಕ್ರಮವಾಗಿ 10, 9, 8 ಎನ್ನುತ್ತ 1ಕ್ಕೆ ಬರುತ್ತದೆ. ಕೂಡಿದರೆ 55, ಹತ್ತರಿಂದ ಭಾಗಿಸಿದರೆ 5.5 ಮೀಟರ್. ಅರ್ಧ ಮೀಟರ್ ಪುಕ್ಕಟೆ! ಸಾಲುಗಳನ್ನು ಅದಲು ಬದಲು ಮಾಡಿ, ಮೊದಲು ವೇಗ ಕಳೆದು ಆಮೇಲೆ ಎತ್ತರ ಕೂಡಿಸಿ. ಈಗ 9, 8 ಎನ್ನುತ್ತ 0 ವರೆಗೆ, ಒಟ್ಟು 45, ಅಂದರೆ 4.5 ಮೀಟರ್. ಹಳೆಯ ವೇಗ ಹೊಸ ವೇಗ ಎರಡರ ಸರಾಸರಿ ತೆಗೆದುಕೊಂಡರೆ ಸರಿಯಾಗಿ 5.

ಸೆಕೆಂಡಿಗೆ 60 ಚಿತ್ರವಿದ್ದರೆ ಮೊದಲ ವಿಧಾನದಲ್ಲಿ 5.083 ಮೀಟರ್ ಬರುತ್ತದೆ, 30 ಚಿತ್ರವಿದ್ದರೆ 5.167. ಎಂಟು ಸೆಂಟಿಮೀಟರ್ ವ್ಯತ್ಯಾಸ, ಏನು ಮಹಾ ಅನ್ನಬಹುದು. ಆಟದಲ್ಲಿ 5.1 ಮೀಟರ್ ಎತ್ತರದ ಒಂದು ಜಗುಲಿ ಇಡಿ. ಅಗ್ಗದ ನಿಧಾನ ಫೋನಿನವರು ಹತ್ತುತ್ತಾರೆ, ದುಬಾರಿ ಫೋನಿನವರಿಗೆ ಎಷ್ಟು ನೆಗೆದರೂ ಎಟುಕುವುದಿಲ್ಲ. ಬಡವರ ಪರವಾದ ಗುರುತ್ವ.

ನೆಗೆತಕ್ಕೆ ಸರಾಸರಿ ಸಾಕು. ಗ್ರಹಗಳನ್ನು ಸೂರ್ಯನ ಸುತ್ತ ಸುತ್ತಿಸಲು ಹೊರಟರೆ ಮೊದಲ ವಿಧಾನ ಪೂರ್ತಿ ಕೈಕೊಡುತ್ತದೆ. ಪ್ರತಿ ಸುತ್ತಿಗೂ ಗ್ರಹಕ್ಕೆ ಇಲ್ಲದ ಶಕ್ತಿ ಸೇರುತ್ತಾ ಅದು ಹೊರಹೊರಗೆ ಸುರುಳಿ ಸುತ್ತಿ ಕಣ್ಮರೆಯಾಗುತ್ತದೆ. ಸಾಲು ಅದಲು ಬದಲು ಮಾಡಿದ ಎರಡನೇ ವಿಧಾನದಲ್ಲಿ ಶಕ್ತಿ ಸ್ವಲ್ಪ ಮೇಲೆ ಕೆಳಗೆ ತೂಗಾಡಿದರೂ ಗ್ರಹ ಕಕ್ಷೆ ಬಿಟ್ಟು ಹೋಗುವುದಿಲ್ಲ. ಎರಡು ಸಾಲಿನ ಹಿಂದು ಮುಂದು, ಅಷ್ಟೇ. ಲೂ ವೆರ್ಲೆ 1967ರಲ್ಲಿ ಅಣುಗಳ ಚಲನೆಯ ಲೆಕ್ಕಕ್ಕೆ ಬಳಸಿದ ವಿಧಾನ ಇದರ ಒಡಹುಟ್ಟಿದ್ದು. ಇಂದು ಆಟಗಳಲ್ಲಿ ಹಗ್ಗ, ಬಟ್ಟೆ, ಜೋತಾಡುವ ಸೇತುವೆ ಇಂಥವಕ್ಕೆ ಅದನ್ನು ಬಳಸುವುದುಂಟು.

ಹಾಗಾದರೆ ಎಲ್ಲ ಯಂತ್ರದಲ್ಲೂ ಒಂದೇ ಫಲ ಬರಬೇಕಾದರೆ? ಹೋಳಿನ ಅಳತೆ ಬದಲಾಗಲೇಬಾರದು. ಭೌತಶಾಸ್ತ್ರದ ಲೆಕ್ಕ ಸದಾ 60ನೇ ಒಂದು ಸೆಕೆಂಡಿನ ಹೋಳಿನಲ್ಲಿ, ಚಿತ್ರ ಮಾತ್ರ ಯಂತ್ರಕ್ಕೆ ತೋಚಿದಾಗ. ಒಂದು ಡಬ್ಬಿ ಇಟ್ಟುಕೊಳ್ಳಿ. ಪ್ರತಿ ಚಿತ್ರದಲ್ಲೂ ಕಳೆದ ಸಮಯವನ್ನು ಡಬ್ಬಿಗೆ ಹಾಕಿ. ಡಬ್ಬಿಯಲ್ಲಿ ಒಂದು ಹೋಳಿನಷ್ಟಾದರೂ ಸಮಯ ಇರುವ ತನಕ ಒಂದು ಹೆಜ್ಜೆ ಲೆಕ್ಕ ಮಾಡಿ, ಡಬ್ಬಿಯಿಂದ ಒಂದು ಹೋಳು ತೆಗೆಯಿರಿ. ಉಳಿದ ಚಿಲ್ಲರೆ ಮುಂದಿನ ಚಿತ್ರಕ್ಕೆ. ಎಳೆಯುವಾಗ ಹಿಂದಿನ ಜಾಗಕ್ಕೂ ಈಗಿನ ಜಾಗಕ್ಕೂ ನಡುವೆ ಆ ಚಿಲ್ಲರೆಯ ಅನುಪಾತದಲ್ಲಿ ಎಳೆದರೆ ಚಲನೆ ನುಣುಪಾಗಿ ಕಾಣುತ್ತದೆ. ಆಟ ಕಟ್ಟಲು ಬಳಸುವ ಗೋಡೋ ಎಂಜಿನ್ ಈ ಹೋಳಿನ ಲೆಕ್ಕವನ್ನು ಸೆಕೆಂಡಿಗೆ 60 ಹೆಜ್ಜೆಯಂತೆ ತಾನೇ ಮಾಡುತ್ತದೆ. ಅಂಥದ್ದೇ ಇನ್ನೊಂದು ಎಂಜಿನ್ ಯುನಿಟಿಯಲ್ಲಿ ಹೆಜ್ಜೆ 0.02 ಸೆಕೆಂಡ್, ಅಂದರೆ ಸೆಕೆಂಡಿಗೆ 50. 1993ರ ಡೂಮ್ ಆಟದ ಒಳಗಡಿಯಾರ ಸೆಕೆಂಡಿಗೆ 35 ಸಲ ಬಡಿಯುತ್ತಿತ್ತು.

ಡಬ್ಬಿಗೂ ಒಂದು ಕಾಯಿಲೆ ಇದೆ. ಒಂದು ಹೋಳಿನ ಲೆಕ್ಕಕ್ಕೆ ಹೋಳಿಗಿಂತ ಜಾಸ್ತಿ ಸಮಯ ಹಿಡಿದರೆ ಡಬ್ಬಿ ಖಾಲಿಯಾಗುವ ಮೊದಲೇ ಇನ್ನಷ್ಟು ತುಂಬುತ್ತದೆ. ಬಡ್ಡಿಗೆ ಬಡ್ಡಿ ಬೆಳೆದ ಸಾಲದ ಹಾಗೆ. ಕೊನೆಗೆ ಆಟ ಹೆಪ್ಪುಗಟ್ಟುತ್ತದೆ. ಒಂದು ಚಿತ್ರಕ್ಕೆ ಡಬ್ಬಿಗೆ ಹಾಕುವ ಸಮಯ 0.25 ಸೆಕೆಂಡ್ ಮೀರಬಾರದು ಎಂದು ಮಿತಿ ಹಾಕಿದರೆ ಆಟ ನಿಧಾನವಾಗುತ್ತದೆಯೇ ಹೊರತು ಸಾಯುವುದಿಲ್ಲ.

ಗಡಿಯಾರ ನಿಂತುಹೋಗುವ ಲೆಕ್ಕ

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ 0.1ಕ್ಕೆ 0.2 ಕೂಡಿಸಿ ನೋಡಿ, 0.30000000000000004 ಅನ್ನುತ್ತದೆ. ದಶಮಾಂಶದಲ್ಲಿ ಮೂರನೇ ಒಂದು ಭಾಗ ಹೇಗೆ ಮುಗಿಯುವುದಿಲ್ಲವೋ, ಎರಡರ ಲೆಕ್ಕದಲ್ಲಿ ಹತ್ತನೇ ಒಂದು ಭಾಗ ಹಾಗೇ ಮುಗಿಯುವುದಿಲ್ಲ. ಇದನ್ನು ಎಲ್ಲ ಮೇಷ್ಟ್ರೂ ತೋರಿಸುತ್ತಾರೆ, ಮಕ್ಕಳು ನಕ್ಕು ಮರೆಯುತ್ತಾರೆ. ಬೇರೆ ಒಂದು ಉದಾಹರಣೆ ಕೊಡುತ್ತೇನೆ.

ಬಿಟ್ ಅಂದರೆ 0 ಅಥವಾ 1 ಇಡುವ ಒಂದು ಜಾಗ, ಫ್ಲೋಟ್ ಅಂದರೆ ದಶಮಾಂಶ ಸಂಖ್ಯೆಯನ್ನು ಕಂಪ್ಯೂಟರ್ ಬರೆದಿಡುವ ಬಗೆ. ಆಟದ ಒಳಗಡಿಯಾರವನ್ನು 32 ಬಿಟ್‌ನ ಫ್ಲೋಟ್‌ನಲ್ಲಿ ಇಟ್ಟು ಪ್ರತಿ ಚಿತ್ರಕ್ಕೂ 60ನೇ ಒಂದು ಸೆಕೆಂಡ್, ಅಂದರೆ ಸುಮಾರು 0.01667 ಕೂಡಿಸುತ್ತಾ ಹೋಗಿ. ಈ ಫ್ಲೋಟ್‌ನಲ್ಲಿ ನಿಖರತೆಗೆ ಸಿಗುವುದು 24 ಬಿಟ್. ಸಂಖ್ಯೆ ದೊಡ್ಡದಾದಂತೆ ಅಕ್ಕಪಕ್ಕದ ಎರಡು ಸಂಖ್ಯೆಗಳ ಅಂತರವೂ ಹಿಗ್ಗುತ್ತದೆ, ಸ್ಕೇಲಿನ ಗೆರೆಗಳು ದೂರದೂರವಾದ ಹಾಗೆ. ಗಡಿಯಾರ 32,768 ಸೆಕೆಂಡ್ ದಾಟಿದ ಮೇಲೆ, ಅಂದರೆ ಸುಮಾರು ಒಂಬತ್ತು ಗಂಟೆಯ ನಂತರ, ನೀವು ಕೂಡಿಸಿದ 0.01667 ಹತ್ತಿರದ ಗೆರೆಗೆ ಸರಿದು 0.015625 ಆಗುತ್ತದೆ. ಗಡಿಯಾರ ಶೇ 6ರಷ್ಟು ನಿಧಾನ. 2,62,144 ದಾಟಿದ ಮೇಲೆ, ಅಂದರೆ ಮೂರು ದಿನದ ಆಚೆ, ಗೆರೆಗಳ ಅಂತರ 0.03125. ನೀವು ಕೂಡಿಸುವುದು ಅದರ ಅರ್ಧಕ್ಕಿಂತ ತುಸು ಜಾಸ್ತಿ, ಹಾಗಾಗಿ ಮೇಲಿನ ಗೆರೆಗೆ ಹಾರುತ್ತದೆ. ಗಡಿಯಾರ ಇದ್ದಕ್ಕಿದ್ದ ಹಾಗೆ 1.875 ಪಟ್ಟು ವೇಗ! 5,24,288 ದಾಟಿದಾಗ ಅಂತರ 0.0625. ಈಗ ನೀವು ಕೂಡಿಸುವುದು ಅರ್ಧಕ್ಕಿಂತ ಕಡಿಮೆ, ಕೂಡಿಸಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು. ಗಡಿಯಾರ ನಿಂತಿತು. ನಿಧಾನ, ಓಟ, ಸಾವು, ಎಲ್ಲವೂ ಒಂದೇ ಸಾಲಿನಿಂದ.

ಮನೆಯಲ್ಲಿ ಒಂದು ಗಂಟೆ ಆಡುವವರಿಗೆ ಇದು ಗೊತ್ತೇ ಆಗುವುದಿಲ್ಲ. ವಾರಗಟ್ಟಲೆ ಆರದೆ ನಡೆಯುವ ಸರ್ವರಿನಲ್ಲಿ ಗೊತ್ತಾಗುತ್ತದೆ. ಪರಿಹಾರ, ಸೆಕೆಂಡುಗಳನ್ನು ಕೂಡಿಸಬೇಡಿ, ಹೆಜ್ಜೆಗಳನ್ನು ಪೂರ್ಣಾಂಕದಲ್ಲಿ ಎಣಿಸಿ, ಬೇಕಾದಾಗ 60ರಿಂದ ಭಾಗಿಸಿಕೊಳ್ಳಿ. 32 ಬಿಟ್ ಪೂರ್ಣಾಂಕವಾದರೆ 2,14,74,83,647ಕ್ಕೆ ತುಂಬುತ್ತದೆ, ಸೆಕೆಂಡಿಗೆ 60ರಂತೆ 414 ದಿನ. ವರ್ಷ ದಾಟಿದ ಮೇಲೆ ಕೈಕೊಡುವ ದೋಷವನ್ನು ಹುಡುಕುವುದಕ್ಕಿಂತ ಮೊದಲೇ 64 ಬಿಟ್ ಇಡುವುದು ಮೇಲು.

ಇದೇ ತಪ್ಪು ಆಟದ ಹೊರಗೆ ಜೀವ ತೆಗೆದಿದೆ. 1991ರ ಫೆಬ್ರುವರಿ 25ರಂದು ಸೌದಿಯ ದಹ್ರಾನ್‌ನಲ್ಲಿ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ ಎದುರಾದ ಸ್ಕಡ್ ಕ್ಷಿಪಣಿಯನ್ನು ತಡೆಯಲಿಲ್ಲ. 28 ಅಮೆರಿಕನ್ ಸೈನಿಕರು ಸತ್ತರು. ಆ ವ್ಯವಸ್ಥೆ ಕಾಲವನ್ನು ಸೆಕೆಂಡಿನ ಹತ್ತನೇ ಭಾಗಗಳಲ್ಲಿ ಎಣಿಸಿ, 24 ಬಿಟ್‌ಗೆ ಕತ್ತರಿಸಿದ 0.1ರಿಂದ ಗುಣಿಸುತ್ತಿತ್ತು. ಸುಮಾರು 100 ಗಂಟೆ ಆರಿಸದೆ ಓಡಿದ ಮೇಲೆ ಸೇರಿಕೊಂಡ ತಪ್ಪು 0.34 ಸೆಕೆಂಡ್. ಅಷ್ಟರಲ್ಲಿ ಸ್ಕಡ್ ಅರ್ಧ ಕಿಲೋಮೀಟರಿಗೂ ಹೆಚ್ಚು ದೂರ ಹೋಗಿರುತ್ತದೆ. 1996ರ ಜೂನ್ 4ರಂದು ಅರಿಯಾನ್ 5 ರಾಕೆಟ್ ಮೊದಲ ಹಾರಾಟದಲ್ಲೇ ಸಿಡಿದದ್ದು 64 ಬಿಟ್ ಫ್ಲೋಟ್ ಸಂಖ್ಯೆಯನ್ನು 16 ಬಿಟ್ ಪೂರ್ಣಾಂಕಕ್ಕೆ ತುರುಕಲು ಹೋಗಿ. ಪ್ಯಾಕ್‌ಮ್ಯಾನ್ ಆಟದ 256ನೇ ಹಂತದಲ್ಲಿ ಪರದೆಯ ಬಲ ಅರ್ಧ ಕಲಸುಮೇಲೋಗರವಾಗುವುದೂ 8 ಬಿಟ್ ಎಣಿಕೆ ತುಂಬಿ ಹರಿದದ್ದರಿಂದಲೇ. ಜಾತಿ ಒಂದೇ, ಪರಿಣಾಮ ಬೇರೆ.

ಕವಡೆ

ಈಗ ನಮ್ಮ ಮನೆಯ ಆಟಕ್ಕೆ ಬರೋಣ. ಚೌಕಾಬಾರ, ಕೆಲವರ ಬಾಯಲ್ಲಿ ಕಟ್ಟೆಮನೆ. ಐದೈದು ಮನೆಯ ಪಟ, ನಾಲ್ಕು ಕವಡೆ. ಎಷ್ಟು ಕವಡೆ ಬಾಯಿ ಮೇಲಾಗಿ ಬಿದ್ದವೋ ಅಷ್ಟು ಗರ. ನಾಲ್ಕೂ ಮೇಲಾದರೆ ಚೌಕ, ನಾಲ್ಕೂ ಬೋರಲಾದರೆ ಬಾರ, ಅಂದರೆ 8. ಚೌಕ, ಬಾರ ಬಿದ್ದರೆ ಇನ್ನೊಂದು ಸಲ ಹಾಕಬಹುದು. ಮೊದಲ ಆಟವಾಗಿ ಬರೆಯಲು ಇದಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ. ನಿಯಮ ಎಲ್ಲರಿಗೂ ಗೊತ್ತು, ಚಿತ್ರ ಬೇಕಿಲ್ಲ, ಆದರೂ ಎಡವಲು ಬೇಕಾದಷ್ಟು ಜಾಗ ಇದೆ.

ಮೊದಲ ಎಡವು ಗರದಲ್ಲೇ. ಹೊಸಬರು ‘1, 2, 3, 4, 8 ಇವುಗಳಲ್ಲಿ ಒಂದನ್ನು ಆರಿಸು’ ಅಂತ ಬರೆಯುತ್ತಾರೆ. ಕವಡೆ ಹಾಗೆ ಬೀಳುವುದಿಲ್ಲ. ನಾಲ್ಕು ಕವಡೆ ಬೀಳುವ ಬಗೆ 16. ಮೇಲೆ ಕೆಳಗೆ ಎರಡೂ ಸಮ ಅನ್ನುವುದಾದರೆ ಒಂದು ಬೀಳುವ ಬಗೆ 4, ಎರಡು 6, ಮೂರು 4, ಚೌಕ 1, ಬಾರ 1. ಅಂದರೆ ಚೌಕ ಅಥವಾ ಬಾರ ಬೀಳುವುದು ಎಂಟಕ್ಕೆ ಒಂದು ಸಲ. ತಪ್ಪು ಪ್ರೋಗ್ರಾಮಿನಲ್ಲಿ ಐದಕ್ಕೆ ಎರಡು ಸಲ! ಮರು ಎಸೆತವನ್ನೂ ಸೇರಿಸಿದರೆ ನಿಜವಾದ ಆಟದಲ್ಲಿ ಒಂದು ಸರದಿಗೆ ಸರಾಸರಿ ಮೂರು ಮನೆಗಿಂತ ಕಡಿಮೆ ನಡೆ, ತಪ್ಪು ಪ್ರೋಗ್ರಾಮಿನಲ್ಲಿ ಸರಿಯಾಗಿ ಆರು ಮನೆ. ಕಾಯಿಗಳು ಕಣ್ಣುಮುಚ್ಚಿ ತೆಗೆಯುವುದರಲ್ಲಿ ಹಣ್ಣಾಗಿಬಿಡುತ್ತವೆ. ಸರಿಯಾದ ದಾರಿ, ನಾಲ್ಕು ಕವಡೆಯನ್ನೂ ಬೇರೆ ಬೇರೆಯಾಗಿ ಹಾಕಿ ಎಣಿಸುವುದು, ಮೊತ್ತ 0 ಬಂದರೆ 8 ಅನ್ನುವುದು.

ಕವಡೆ ಇಲ್ಲದವರು ಒಂದು ಮಗ್ಗುಲು ತೇಯ್ದ ಹುಣಸೆ ಬೀಜ ಹಾಕುತ್ತಾರಲ್ಲ, ಅದರ ಲೆಕ್ಕ ಇನ್ನೂ ಸೊಗಸು. ತೇಯ್ದದ್ದು ಹೆಚ್ಚುಕಡಿಮೆಯಾಗಿ ಬಿಳಿ ಮಗ್ಗುಲು ಹತ್ತಕ್ಕೆ ನಾಲ್ಕು ಸಲ ಮಾತ್ರ ಮೇಲೆ ಬೀಳುತ್ತದೆ ಅನ್ನೋಣ. ಚೌಕದ ಸಂಭವ 0.4ರ ನಾಲ್ಕನೇ ಘಾತ, 0.0256. ಬಾರದ್ದು 0.6ರ ನಾಲ್ಕನೇ ಘಾತ, 0.1296. ಐದು ಪಟ್ಟು! ‘ಈ ಬೀಜದಲ್ಲಿ ಬಾರ ಜಾಸ್ತಿ ಬೀಳ್ತದೆ’ ಅನ್ನುವ ಅಜ್ಜಿಯ ಮಾತು ಮೂಢನಂಬಿಕೆಯಲ್ಲ, ನಾಲ್ಕನೇ ಘಾತ.

ಇನ್ನು ಕಂಪ್ಯೂಟರ್ ಕವಡೆ ಹಾಕುವ ಬಗೆ. ಅದರ ಹತ್ತಿರ ಇರುವುದು ಒಂದು ಸೂತ್ರ. ಆಟಿಕೆಯಂಥ ಒಂದು ಸೂತ್ರ ನೋಡಿ: ಈಗಿನ ಸಂಖ್ಯೆಯನ್ನು 5ರಿಂದ ಗುಣಿಸು, 3 ಕೂಡಿಸು, 16ರಿಂದ ಭಾಗಿಸಿ ಶೇಷ ಇಟ್ಟುಕೋ. 7ರಿಂದ ಹೊರಟರೆ 7, 6, 1, 8, 11, 10, 5, 12, 15, 14, 9, 0, 3, 2, 13, 4, ಮತ್ತೆ 7. ಹದಿನಾರೂ ಸಂಖ್ಯೆ ಒಂದೊಂದು ಸಲ ಬಂತು, ನೋಡಲು ಚೆಲ್ಲಾಪಿಲ್ಲಿ. ಇದರಿಂದ ಕವಡೆ ಹಾಕಿ, ಬೆಸವಾದರೆ ಮೇಲೆ, ಸಮವಾದರೆ ಬೋರಲು. ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಬೆಸ, ಸಮ, ಬೆಸ, ಸಮ... ನಾಲ್ಕು ಕವಡೆಯಲ್ಲಿ ಸದಾ ಎರಡು ಮೇಲೆ, ಎರಡು ಬೋರಲು. ಇಡೀ ಆಟದಲ್ಲಿ ಎರಡು ಬಿಟ್ಟು ಬೇರೆ ಗರವೇ ಬೀಳುವುದಿಲ್ಲ! ಈ ಬಗೆಯ ಸೂತ್ರಗಳಲ್ಲಿ ಸಮವೋ ಬೆಸವೋ ಹೇಳುವ ಕೆಳಗಿನ ಬಿಟ್ ಎಂದರೆ ಪಾಪದ್ದು, ಮೇಲಿನ ಬಿಟ್ ತೆಗೆದುಕೊಳ್ಳಬೇಕು, ಅಂದರೆ ಸಂಖ್ಯೆ ದೊಡ್ಡದೋ ಚಿಕ್ಕದೋ ನೋಡಬೇಕು. 8 ಅಥವಾ ಮೇಲಿದ್ದರೆ ಬಾಯಿ ಮೇಲೆ ಅಂದರೆ ಗರ 1, 3, 3, 1 ಬರುತ್ತದೆ, ವಾಸಿ. ಆದರೂ 16ಕ್ಕೇ ಮರುಕಳಿಸುವ ಸೂತ್ರ ಆಟಕ್ಕೆ ಸಾಲದು. ಪೈಥಾನ್ ಬಳಸುವುದು ಮತ್ಸುಮೊತೊ ಮತ್ತು ನಿಶಿಮುರಾ 1997ರಲ್ಲಿ ರೂಪಿಸಿದ ಮರ್ಸೆನ್ ಟ್ವಿಸ್ಟರ್. ಅದು ಮರುಕಳಿಸುವುದು 2ರ 19,937ನೇ ಘಾತದಲ್ಲಿ ಒಂದು ಕಳೆದಷ್ಟು ಸಲದ ನಂತರ. ಚೌಕಾಬಾರಕ್ಕೆ ಧಾರಾಳ. ದುಡ್ಡಿನ ವ್ಯವಹಾರಕ್ಕೆ ಮಾತ್ರ ಬೇಡ, ಏಕೆಂದರೆ ಅದರ 624 ಸಂಖ್ಯೆ ಪೂರ್ತಿಯಾಗಿ ಸಿಕ್ಕರೆ ಮುಂದಿನದನ್ನೆಲ್ಲ ಹೇಳಿಬಿಡಬಹುದು.

ಸಂಭವದ ಮಾತು ಬಂತಲ್ಲ, ಪೋಷಕರಿಗೆ ಒಂದು ಮಾತು. ಫೋನಿನ ಆಟಗಳಲ್ಲಿ ದುಡ್ಡು ಕೊಟ್ಟು ತೆರೆಯುವ ಪೆಟ್ಟಿಗೆಗಳಿರುತ್ತವೆ. ‘ಅಪರೂಪದ ವಸ್ತು ಸಿಗುವ ಸಂಭವ ಶೇ 1’ ಅಂತ ಬರೆದಿದ್ದರೆ ನೂರು ಪೆಟ್ಟಿಗೆ ತೆರೆದವರಿಗೆ ಒಂದಂತೂ ಸಿಗುತ್ತದೆ ಎಂದು ಮಕ್ಕಳು ನಂಬುತ್ತಾರೆ. 0.99ರ ನೂರನೇ ಘಾತ 0.366. ನೂರು ಪೆಟ್ಟಿಗೆ ತೆರೆದ ನೂರು ಮಕ್ಕಳಲ್ಲಿ 36, 37 ಮಂದಿಗೆ ಒಂದೂ ಸಿಗುವುದಿಲ್ಲ. ಇದನ್ನು ಆಟ ಅನ್ನಲು ನನಗೆ ಬಾಯಿ ಬಾರದು, ಜೂಜು ಅನ್ನಿ. ಬೈದು ಫೋನ್ ಕಿತ್ತುಕೊಳ್ಳುವ ಬದಲು ಮಗುವಿನಿಂದಲೇ ಈ ಲೆಕ್ಕ ಮಾಡಿಸಿ.

ಚೌಕಾಬಾರದ ದಾರಿಯನ್ನು ಬರೆಯುವ ಬಗೆ. ಅಡ್ಡಸಾಲು, ನಿಲುಸಾಲು ಎರಡನ್ನೂ 0ಯಿಂದ 4ರ ತನಕ ಎಣಿಸಿ. ಕೆಳಸಾಲಿನ ನಡುಮನೆ (4, 2) ಒಬ್ಬರ ಕಟ್ಟೆ. ಅಲ್ಲಿಂದ ಅಪ್ರದಕ್ಷಿಣವಾಗಿ ಹೊರಸುತ್ತಿನ 16 ಮನೆ ಸುತ್ತಿ (4, 1)ಕ್ಕೆ ಬಂದು, (3, 1)ರಿಂದ ಒಳಗೆ ಹೊಕ್ಕು ಪ್ರದಕ್ಷಿಣವಾಗಿ 8 ಮನೆ ನಡೆದು (2, 2)ರಲ್ಲಿ ಹಣ್ಣು. ಒಟ್ಟು 25 ಮನೆ, 24 ಹೆಜ್ಜೆ. ಈ ಪಟ್ಟಿಯನ್ನು ಒಬ್ಬರಿಗೆ ಮಾತ್ರ ಬರೆಯಿರಿ. ಉಳಿದ ಮೂವರದ್ದು ಇದನ್ನೇ ತಿರುಗಿಸಿದರೆ ಬರುತ್ತದೆ: (ಅಡ್ಡ, ನಿಲು) ಇದ್ದದ್ದನ್ನು (ನಿಲು, 4 − ಅಡ್ಡ) ಮಾಡಿ. (4, 2) ಹೋಗಿ (2, 0) ಆಯಿತು, ಮತ್ತೆ ಮಾಡಿದರೆ (0, 2), ಮತ್ತೆ (2, 4). ನಾಲ್ಕು ಕಟ್ಟೆಯೂ ಸಿಕ್ಕವು. ಚೌಕವನ್ನು ನಡುಬಿಂದುವಿನ ಸುತ್ತ ತಿರುಗಿಸುವ ಈ ಉಪಾಯ ನಮ್ಮ ಸೀಮೆಗೆ ಹಳೆಯದು. ಹೊಯ್ಸಳರ ನಕ್ಷತ್ರಾಕಾರದ ಗುಡಿಗಳ ತಳವಿನ್ಯಾಸ ಹುಟ್ಟುವುದು ಚೌಕವನ್ನು ಹೀಗೆ ತುಸುತುಸುವೇ ತಿರುಗಿಸುವುದರಿಂದ.

ಇಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಮಾಡುವ ತಪ್ಪು, ಕಾಯಿ ಕಡಿಯುವಾಗ ಹೆಜ್ಜೆ ಸಂಖ್ಯೆ ಹೋಲಿಸುವುದು. ನನ್ನ ಐದನೇ ಹೆಜ್ಜೆ, ನಿಮ್ಮ ಐದನೇ ಹೆಜ್ಜೆ ಪಟದ ಮೇಲೆ ಬೇರೆ ಬೇರೆ ಮನೆ. ಹೆಜ್ಜೆಯನ್ನು ಮನೆಗೆ ಬದಲಿಸಿಕೊಂಡು ಆಮೇಲೆ ಹೋಲಿಸಬೇಕು, ಕಟ್ಟೆಯ ಮೇಲಿದ್ದರೆ ಕಡಿಯುವಂತಿಲ್ಲ. ‘ಒಂದಾದರೂ ಕಾಯಿ ಕಡಿಯದೆ ಒಳಸುತ್ತಿಗೆ ಹೋಗಬಾರದು’ ಎಂಬಂಥ ನಿಯಮ ಮನೆಮನೆಗೂ ಬೇರೆ. ಅಂಥದ್ದನ್ನು ಹೌದು, ಅಲ್ಲ ಎಂಬ ಸ್ವಿಚ್ಚಿನಂತೆ ಬರೆದಿಡಿ, ಜಗಳ ತಪ್ಪುತ್ತದೆ.

ಸಾಲಗಾಮೆ ರಸ್ತೆಯ ಆಂಟೆನಾ ಮತ್ತು ಪಿಂಗ್

ಆನ್‌ಲೈನ್ ಆಟದಲ್ಲಿ ‘ಲ್ಯಾಗ್’, ಅಂದರೆ ಒತ್ತಿದ್ದಕ್ಕೆ ಉತ್ತರ ತಡ, ಅಂತ ಗೋಳಾಡುವವರು ಸಾಲಗಾಮೆ ರಸ್ತೆ ಕಡೆ ನೋಡಲಿ. 1982ರಿಂದ ಅಲ್ಲಿರುವ ಇಸ್ರೋದ ಎಂಸಿಎಫ್ (ಉಪಗ್ರಹಗಳ ನಿಯಂತ್ರಣ ಕೇಂದ್ರ) ಮಾತಾಡುವುದು 35,786 ಕಿಲೋಮೀಟರ್ ಎತ್ತರದ ಭೂಸ್ಥಿರ ಉಪಗ್ರಹಗಳ ಜೊತೆ. ಬೆಳಕಿನ ವೇಗದಲ್ಲೂ ಮೇಲೆ ಹೋಗಲು 119 ಮಿಲಿಸೆಕೆಂಡ್, ಬರಲು ಅಷ್ಟೇ. ಅಂಥ ಉಪಗ್ರಹದ ಮೂಲಕ ಆಟ ಆಡಿದರೆ ಗುಂಡಿ ಒತ್ತಿದ್ದು ಸರ್ವರಿಗೆ ತಲುಪಿ ಉತ್ತರ ಬರಲು ನಾಲ್ಕು ಸಲ ಆ ದೂರ, 480 ಮಿಲಿಸೆಕೆಂಡಿನ ಹತ್ತಿರ. ಯಾವ ಎಂಜಿನಿಯರ್ ಬಂದರೂ ಅದನ್ನು ಕಡಿಮೆ ಮಾಡಲಾರ.

ನೆಲದ ಫೈಬರಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. ಹಾಸನದಿಂದ ಬೆಂಗಳೂರಿಗೆ ಹೋಗಿ ಬರಲು 2 ಮಿಲಿಸೆಕೆಂಡ್ ಸಾಕು. ನಿಮ್ಮ ಪಿಂಗ್ (ಸಂದೇಶ ಹೋಗಿ ಬರುವ ಸಮಯ) 60 ಬರುತ್ತಿದ್ದರೆ ಉಳಿದದ್ದು ದಾರಿಯ ನಿಲ್ದಾಣಗಳಲ್ಲಿ ಮತ್ತು ನಿಮ್ಮ ಮನೆಯಲ್ಲೇ. ಕಂಡುಹಿಡಿಯುವ ಬಗೆ ಹೀಗೆ. ಮೊದಲು ನಿಮ್ಮ ರೂಟರಿಗೇ ನೂರು ಪಿಂಗ್ ಕಳಿಸಿ. 2, 3 ಬರಬೇಕಾದಲ್ಲಿ ಆಗಾಗ 80, 100ಕ್ಕೆ ಹಾರುತ್ತಿದ್ದರೆ ತಪ್ಪು ಕಂಪನಿಯದ್ದಲ್ಲ, ವೈ-ಫೈಯದು. ಸಕಲೇಶಪುರ, ಮೂಡಿಗೆರೆ ಕಡೆಯ ಹಳೇ ಎಸ್ಟೇಟ್ ಮನೆಗಳ ದಪ್ಪ ಗೋಡೆಯಲ್ಲಿ 5 ಗಿಗಾಹರ್ಟ್ಸ್ ತರಂಗ ಸೋತುಬಿಡುತ್ತದೆ, ಮೇಲಿಂದ ಮೇಲೆ ಎಕ್ಸ್‌ಟೆಂಡರ್ ಹಾಕಿದರೆ ತಡ ಇನ್ನೂ ಹೆಚ್ಚು. ಒಂದು ಲ್ಯಾನ್ ಕೇಬಲ್ ಎಳೆದರೆ ಮುಗಿಯಿತು. ರೂಟರ್ ತನಕ ಸರಿಯಿದ್ದು, ಮನೆಯಲ್ಲಿ ಯಾರಾದರೂ ವಿಡಿಯೊ ಅಪ್‌ಲೋಡ್ ಮಾಡುವಾಗ ಮಾತ್ರ ಪಿಂಗ್ ಏರಿದರೆ ಸಾಲು ಕಟ್ಟಿ ನಿಂತ ಡೇಟಾ ಕಾರಣ, ರೂಟರಿನಲ್ಲಿ ಅಪ್‌ಲೋಡಿಗೆ ಮಿತಿ ಹಾಕಿ. 100 ಎಂಬಿಪಿಎಸ್ ಪ್ಲಾನ್ ಬಿಟ್ಟು 300ರದ್ದು ಹಾಕಿಸಿದರೆ ಪಿಂಗ್ ಇಳಿಯುವುದಿಲ್ಲ. ರಸ್ತೆ ಅಗಲ ಮಾಡಿದರೆ ಬೆಂಗಳೂರು ಹತ್ತಿರವಾಗುತ್ತದೆಯೇ?

ವಿಜ್ಞಾನಕ್ಕೆ ಆಟಗಳಿಂದ ಏನು ಸಿಕ್ಕಿತು ಎಂಬ ಪ್ರಶ್ನೆಗೆ ಚುಟುಕಾಗಿ ಹೇಳಿಬಿಡುತ್ತೇನೆ. ಆಟಗಾರರು ಕೊಂಡ ಗ್ರಾಫಿಕ್ಸ್ ಕಾರ್ಡು ಸಿಕ್ಕಿತು. 2012ರಲ್ಲಿ ಚಿತ್ರ ಗುರುತಿಸುವ ಸ್ಪರ್ಧೆಯನ್ನು ಗೆದ್ದು ಇಂದಿನ ಎಐ ಅಬ್ಬರಕ್ಕೆ ನಾಂದಿ ಹಾಡಿದ ಅಲೆಕ್ಸ್‌ನೆಟ್ ಕಲಿತದ್ದು ಆಟಕ್ಕೆಂದು ಮಾರಿದ ಎರಡು ಜಿಟಿಎಕ್ಸ್ 580 ಕಾರ್ಡುಗಳ ಮೇಲೆ.

ಚಿಕ್ಕಮಗಳೂರು ಎಷ್ಟು ಅಕ್ಷರ?

ಆಟಕ್ಕೆ ಕನ್ನಡ ಹಾಕುವವರಿಗೆ ಒಂದು ಎಚ್ಚರಿಕೆ. ಸಂಭಾಷಣೆ ಒಂದೊಂದೇ ಅಕ್ಷರವಾಗಿ ಮೂಡುವ ಪರಿಣಾಮ ಎಲ್ಲರಿಗೂ ಇಷ್ಟ. ‘ಚಿಕ್ಕಮಗಳೂರು’ ನಮ್ಮ ಕಣ್ಣಿಗೆ ಆರು ಅಕ್ಷರ. ಅಕ್ಷರಗಳಿಗೆ ಸಂಖ್ಯೆ ಕೊಡುವ ಯುನಿಕೋಡಿನಲ್ಲಿ ಹನ್ನೊಂದು ಸಂಕೇತ, ಅದನ್ನು ಫೈಲಿನಲ್ಲಿ ಬರೆದಿಡುವ ಯುಟಿಎಫ್-8ರಲ್ಲಿ 33 ಬೈಟ್. ಒಂದೊಂದೇ ಸಂಕೇತ ತೋರಿಸಿದರೆ ಮೊದಲು ‘ಚ’, ಆಮೇಲೆ ‘ಚಿ’, ‘ಚಿಕ’, ‘ಚಿಕ್’, ‘ಚಿಕ್ಕ’. ಪ್ರತಿ ಸಲವೂ ಹಿಂದಿನ ಅಕ್ಷರದ ಆಕಾರ ಬದಲಾಗಿ ಸಾಲು ಕುಣಿಯುತ್ತದೆ. ಬೈಟಿನಲ್ಲಿ ಕತ್ತರಿಸಿದರಂತೂ ಕಸ ಬರುತ್ತದೆ. ಒಡೆಯುವ ನಿಯಮ ನೀವೇ ಬರೆದುಕೊಳ್ಳಿ: ಕಾಗುಣಿತದ ಚಿಹ್ನೆ, ಅನುಸ್ವಾರ, ವಿಸರ್ಗ ಹಿಂದಿನ ಅಕ್ಷರಕ್ಕೆ ಅಂಟಿಕೊಳ್ಳಲಿ. ಅರ್ಧಾಕ್ಷರ ಮಾಡುವ ಚಿಹ್ನೆಯ ಮುಂದೆ ವ್ಯಂಜನ ಇದ್ದರೆ ಅದೂ ಜೊತೆಗೇ ಬರಲಿ. ಒತ್ತಕ್ಷರ ಪಕ್ಕಕ್ಕೆ ಸಿಡಿದು ಕೂತಿದ್ದರೆ ತಪ್ಪು ಫಾಂಟಿನದಲ್ಲ, ಅಕ್ಷರ ಜೋಡಿಸುವ ಸೌಕರ್ಯ ಆ ಎಂಜಿನ್ನಿನಲ್ಲಿಲ್ಲ. ಗೋಡೋ 4ರಲ್ಲಿ ಅದು ಇದೆ.

ಮಾತಿನ ಕೊನೆಗೆ ಬಂದ ಪ್ರಶ್ನೆ, ಚೌಕಾಬಾರ ಬರೆದ ಮೇಲೆ ಮುಂದೇನು? ಬಣ್ಣ ಬಳಿಯಲು ಹೋಗಬೇಡಿ. ಮನುಷ್ಯರನ್ನು ತೆಗೆದು ಎರಡೂ ಕಡೆ ಕಂಪ್ಯೂಟರನ್ನೇ ಕೂರಿಸಿ. ಮೊದಲು ಕವಡೆ ಹಾಕುವವರಿಗೆ ಲಾಭ ಇದೆಯೇ ಅಂತ ನೋಡಿ. ನೂರು ಆಟ ಆಡಿಸಿ ಮೊದಲಿನವರು 55 ಗೆದ್ದರೆ ಏನೂ ಹೇಳುವಂತಿಲ್ಲ, ಬರೀ ನಾಣ್ಯ ಚಿಮ್ಮಿದರೂ 5ರಷ್ಟು ಆಚೀಚೆ ಆಗುವುದು ಮಾಮೂಲು. ಹತ್ತು ಸಾವಿರ ಆಟದಲ್ಲಿ ಆ ಅಲುಗಾಟ ಸುಮಾರು 50. ಅಲ್ಲಿ 5,500 ಬಂದರೆ ಲಾಭ ಇದೆ, ಅನುಮಾನ ಬೇಡ. ಸಾಮಾನ್ಯ ಲ್ಯಾಪ್‌ಟಾಪೇ ಸಾಕು. ಆಮೇಲೆ ‘ಕಡಿಯದೆ ಒಳಗೆ ಹೋಗಬಾರದು’ ಎಂಬ ಸ್ವಿಚ್ಚನ್ನು ಒಮ್ಮೆ ಹಾಕಿ, ಒಮ್ಮೆ ಆರಿಸಿ ಮತ್ತೆ ಆಡಿಸಿ. ಸೂತ್ರ ಯಾವ ಸಂಖ್ಯೆಯಿಂದ ಹೊರಟಿತು, ಯಾವ ಸ್ವಿಚ್ಚು ಹೇಗಿತ್ತು ಅನ್ನುವುದನ್ನು ಫಲಿತಾಂಶದ ಪಕ್ಕದಲ್ಲೇ ಬರೆದಿಡಿ. ಪಕ್ಕದ ಊರಿನ ಇನ್ನೊಬ್ಬರು ಅದೇ ಸಂಖ್ಯೆ ಹಾಕಿ ಓಡಿಸಿದಾಗ ಹತ್ತು ಸಾವಿರ ಆಟದ ಒಂದೊಂದು ಗರವೂ ಹಾಗೇ ಬೀಳಬೇಕು. ಬೀಳದಿದ್ದರೆ ಇಬ್ಬರಲ್ಲಿ ಒಬ್ಬರ ಪ್ರೋಗ್ರಾಮಿನಲ್ಲಿ ತಪ್ಪಿದೆ. ಮೊದಲು ಕಾಯಿ ಕಡಿಯುವ ಸಾಲು ನೋಡಿ.